ಯಾವ ಕೆಂಪು?

ಅತ್ತೆ ಜಂಬದ ಹೆಂಗಸು. ಇದರಲ್ಲಿ ಎರಡು ಮಾತಿಲ್ಲ. ಬಟ್ಟೆಗೆ ಬಣ್ಣ ಹಾಕುವ ಆ ಉದ್ದನೆಯ ಶೆಡ್ಡಿನಲ್ಲಿ ಆಕೆ ಕೂದಲು ನರೆಯುವಷ್ಟು ಕಾಲ ಕಡಾಯಿಯ ಮುಂದೆ ನಿಂತಿದ್ದಳು. ಅಷ್ಟು ಕಾಲದಲ್ಲಿ ಒಮ್ಮೆಯಾದರೂ ಇನ್ನೊಬ್ಬರ ಕೈಬಣ್ಣವನ್ನು ಒಪ್ಪಿದ್ದಿಲ್ಲ. ಪಕ್ಕದ ಬೀದಿಯವನದು ಬಟ್ಟೆ ತೊಳೆದ ನೀರು. ಕಾರ್ಖಾನೆಯವರದು ಔಷಧಿ ಅಂಗಡಿಯ ಬಣ್ಣ. ತೀರಿಕೊಂಡ ಗಂಡನದು, "ಪಾಪ, ಏನೋ ಒಂದು."

ಸೊಸೆ ಮದುವೆಯಾಗಿ ಬಂದಾಗಿನಿಂದ ಜಾಲಾಡುವ ತೊಟ್ಟಿಯ ಬಳಿಯೇ ಇದ್ದಳು. ಬಣ್ಣ ಹಾಕಿದ ಬಟ್ಟೆಯನ್ನು ತಣ್ಣೀರಿಗೆ ಅದ್ದುವುದು, ಹಿಂಡುವುದು, ಗಳಕ್ಕೆ ಹರವುವುದು. ಕಡಾಯಿಯೊಳಗಿನ ಕೋಲು ಮುಟ್ಟಲು ಅವಳಿಗೆ ಅಪ್ಪಣೆ ಇರಲಿಲ್ಲ. ಅವಳ ಕಣ್ಣು ಮಾತ್ರ ದಿನವಿಡೀ ಅಲ್ಲೇ ಇರುತ್ತಿತ್ತು.

ಕೆಲಸಗಾರರು ಬೆನ್ನ ಹಿಂದೆ ಅತ್ತೆಯನ್ನು "ಯಾವ್ಕೆಂಪಮ್ಮ" ಎನ್ನುತ್ತಿದ್ದರು. ಕೆಂಪು ಬೇಕು ಎಂದು ಬಂದವರಿಗೆಲ್ಲ ಆಕೆ ಆ ಒಂದು ಪ್ರಶ್ನೆಯಿಂದಲೇ ಬೆವರಿಳಿಸುತ್ತಿದ್ದಳು. ಹೊಸ ನಾಟಕಮಂದಿರದ ಮ್ಯಾನೇಜರಿಗೂ ಅದೇ ಗತಿಯಾಯಿತು.

"ರಂಗದ ಪರದೆಗೆ ಕೆಂಪು ಬಣ್ಣ ಆಗ್ಬೇಕಮ್ಮ."

"ಯಾವ ಕೆಂಪು?"

"ಕೆಂಪು ಅಂದ್ರೆ... ಕೆಂಪು."

"ನಿಮ್ಮನೇಲಿ ಈರುಳ್ಳೀನ ಕೆಂಪಗೆ ಹುರೀತಾರಲ್ಲ, ಅದಾ?"

"ಅಯ್ಯೋ, ಅದು ಕಂದು."

"ಮತ್ತೆ ಕೆಂಪಗೆ ಹುರಿ ಅಂತ ಯಾಕಂತಾರೆ? ಕೆಂಪು ಹಸು ಅಂತೀರಿ, ಅದೂ ಕಂದೇ. ಮಗು ಕೆಂಪಗೆ ಗುಂಡಗಿದೆ ಅಂತೀರಿ, ಆ ಮಗೂನ ತಂದು ಇಲ್ಲಿ ನಿಲ್ಲಿಸ್ತೀರಾ? ಸಿಟ್ಟು ಬಂದ್ರೂ ಮುಖ ಕೆಂಪು, ನಾಚಿಕೊಂಡ್ರೂ ಕೆಂಪು. ನಿದ್ದೆಗೆಟ್ಟವನ ಕಣ್ಣೂ ಕೆಂಪು, ಅತ್ತವನ ಕಣ್ಣೂ ಕೆಂಪು. ಯಾವುದು ಹಾಕ್ಲಿ?"

"ಮೇಷ್ಟ್ರು ತಪ್ಪು ಹಾಕೋ ಕೆಂಪು ಬಿಟ್ಟು ಯಾವುದಾದ್ರೂ ಹಾಕಿ ತಾಯಿ!" ಮ್ಯಾನೇಜರು ಕೈ ಮುಗಿದ. "ನೋಡಿದ ತಕ್ಷಣ ಜನ ಮಾತು ನಿಲ್ಲಿಸ್ಬೇಕು. ಅಷ್ಟೇ ನನಗೆ ಗೊತ್ತಿರೋದು."

ಅತ್ತೆಯ ಮುಖ ಅರಳಿತು. "ಹಾಗೆ ಹೇಳಿ ಮತ್ತೆ. ಕೆಂಡ ಬೂದಿ ಕಟ್ಟೋಕೆ ಮುಂಚೆ ಇರುತ್ತಲ್ಲ, ಅದು."

ತೊಟ್ಟಿಯ ಬಳಿ ಸೊಸೆಗೆ ಮೈ ಜುಮ್ಮೆಂದಿತು. ಒಂದೇ ಒಂದು ಪದ ಇಷ್ಟು ಮನೆಗಳಲ್ಲಿ ಕೂಲಿ ಮಾಡುತ್ತದಲ್ಲ ಎಂದು ಅವಳಿಗೆ ಬೆರಗು. ಆ ದಿನದಿಂದ ಅವಳು ಬೀದಿಯಲ್ಲಿ ನಡೆಯುವಾಗಲೂ ಕೆಂಪನ್ನೇ ಹೆಕ್ಕತೊಡಗಿದಳು. ಇಟ್ಟಿಗೆ ಬೇರೆ, ಅಂಚೆಪೆಟ್ಟಿಗೆ ಬೇರೆ, ಸಿಗ್ನಲ್ಲಿನ ದೀಪ ಬೇರೆ, ನೆಗಡಿಯಾದವನ ಮೂಗು ಬೇರೆ. ಹಾಗೆ ಹೆಕ್ಕುವಾಗಲೇ ಇನ್ನೊಂದು ಕಂಡಿತು. ಹಗಲು ಉರಿಯುವಂತಿದ್ದ ಅಂಚೆಪೆಟ್ಟಿಗೆ ಬೀದಿದೀಪ ಹತ್ತಿದ ಮೇಲೆ ಮಂಕಾಗಿ, ಒಣಗಿದ ಮಣ್ಣಿನ ಬಣ್ಣಕ್ಕೆ ಇಳಿಯುತ್ತಿತ್ತು.

ಪರದೆಗೆ ಬಣ್ಣ ಹಾಕಿ ಒಣಗಿಸಿದ್ದಾಯಿತು. ಅತ್ತೆ ಅದರ ಅಂಚನ್ನು ಶೆಡ್ಡಿನ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದಳು. ಬಣ್ಣವನ್ನು ಬಾಗಿಲ ಬೆಳಕಿನಲ್ಲೇ ನೋಡಿ ಒಪ್ಪುವುದು ಆ ಶೆಡ್ಡಿನ ಪದ್ಧತಿ. ನಿಜಕ್ಕೂ ಅದು ಕೆಂಡವೇ.

"ಅತ್ತೆ, ಒಂದ್ಸಲ ಅವರ ದೀಪದ ಕೆಳಗೂ ಹಿಡಿದು ನೋಡೋಣ್ವಾ?"

"ಯಾಕೆ, ಸೂರ್ಯನ ಮೇಲೆ ಅನುಮಾನಾನಾ ನಿನಗೆ? ಹೋಗು, ತೊಟ್ಟಿ ನೋಡ್ಕೊ."

ಉದ್ಘಾಟನೆಯ ದಿನ ಬೆಳಗ್ಗೆ ಮ್ಯಾನೇಜರು ಓಡುತ್ತ ಬಂದ. ಹಿಂದೆಯೇ ಕೈಗಾಡಿಯಲ್ಲಿ ಪರದೆಯ ಎಡಬಲದ ಎರಡು ಹಾಸುಗಳೂ ಬಂದವು.

"ಅಮ್ಮಾ, ರಂಗದ ಹಳದಿ ದೀಪ ಹಾಕಿದ್ರೆ ಇದು ಮಣ್ಣು! ಸುಟ್ಟ ಇಟ್ಟಿಗೆ! ಸಂಜೆಗೆ ಊರೆಲ್ಲ ಬಂದು ಕೂರುತ್ತೆ!"

ಅತ್ತೆ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದಳು, ಕೈಬಿಟ್ಟಳು. "ನನ್ನ ಬಣ್ಣ ಸರಿಯಾಗೇ ಇದೆ. ನಿಮ್ಮ ದೀಪ ಕೆಟ್ಟಿದೆ. ದೀಪ ಬದಲಾಯಿಸಿ."

"ಈಗೆಲ್ಲಿಂದ ತರ್ಲಿ?"

ಅತ್ತೆ ಸ್ಟೂಲಿನ ಮೇಲೆ ಕೂತು ತೋಳು ಕಟ್ಟಿಕೊಂಡಳು. ಆಕೆ ತೋಳು ಕಟ್ಟಿದಳೆಂದರೆ ಅಂದಿನ ಮಾತು ಮುಗಿಯಿತು ಎಂದು ಶೆಡ್ಡಿನ ಬೆಕ್ಕಿಗೂ ಗೊತ್ತಿತ್ತು.

ಸೊಸೆ ಒದ್ದೆ ಕೈ ಒರೆಸಿಕೊಂಡು ಮುಂದೆ ಬಂದಳು. "ಅತ್ತೆ, ಇದರೊಳಗಿನ ಕೆಂಪು ನೀಲಿ ಕಡೆ ವಾಲಿದೆ. ಹಳದಿ ದೀಪ ಅದನ್ನ ನುಂಗ್ತಿದೆ. ಮೇಲೊಂದ್ಸಲ ಹಳದಿ ಬೆರೆತ ಕೆಂಪಲ್ಲಿ ಮುಳುಗಿಸಿದ್ರೆ ಎದ್ದು ಬರುತ್ತೆ. ನಾನು ಮುಳುಗಿಸ್ತೀನಿ."

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮುಳುಗಿಸು ಮಹಾರಾಯ್ತಿ. ಕೆಟ್ರೆ ಮಾತ್ರ ಇನ್ನು ಈ ಜನ್ಮದಲ್ಲಿ ಕಡಾಯಿ ಹತ್ತಿರ ಸುಳಿಯೋ ಹಾಗಿಲ್ಲ. ಒಪ್ಪಿಗೇನಾ?"

"ಒಪ್ಪಿಗೆ."

ಮುಂದಿನದೆಲ್ಲ ಬೆಂಕಿಗೆ ಗಾಳಿ ಬಿದ್ದಂತೆ ನಡೆಯಿತು. ಸೊಸೆ ಮ್ಯಾನೇಜರನ್ನು ಅಟ್ಟಿ ಅವನ ಮಂದಿರದ ದೀಪವೊಂದನ್ನೇ ತರಿಸಿದಳು. ಉಗ್ರಾಣದ ಕಿಟಕಿಗಳಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿ, ಒಳಗೆ ಅದನ್ನು ತೂಗುಹಾಕಿದಳು. ಅವಳ ಗಂಡ ಬಾಯ್ಲರಿಗೆ ಸೌದೆ ತುರುಕುತ್ತ, "ನಾನು ಯಾರ ಕಡೆ ಅಂತ ಮಾತ್ರ ಕೇಳ್ಬೇಡ. ಎರಡು ಕಡೇನೂ ನನಗೆ ಊಟ ಹಾಕುತ್ತೆ" ಎಂದ.

"ಬೆಂಕಿ ಕಡೆ ಇರಿ. ಅದು ಆರಿದ್ರೆ ಇವತ್ತು ಯಾವ ಕಡೇನೂ ಊಟ ಇಲ್ಲ."

ಪರದೆಯ ಮಡಿಕೆಯಿಂದ ಒಂದು ಪಟ್ಟಿ ಕತ್ತರಿಸಿ ಅದ್ದಿ, ಇಸ್ತ್ರಿಪೆಟ್ಟಿಗೆ ಒತ್ತಿ ಒಣಗಿಸಿ, ಉಗ್ರಾಣಕ್ಕೆ ಓಡಿದಳು. ಕಿತ್ತಳೆ! ಥೂ. ಹಳದಿ ತಗ್ಗಿಸಿ ಇನ್ನೊಂದು ಪಟ್ಟಿ. ಮತ್ತೆ ಓಟ. ಈ ಸಲ ದೀಪದ ಕೆಳಗೆ ಪಟ್ಟಿ ಹಿಡಿದವಳೇ ಕೂಗಿಕೊಂಡಳು. ಬೆರಳ ತುದಿಯಲ್ಲಿ ಯಾರೋ ಊದಿ ಎಬ್ಬಿಸಿದ ಕೆಂಡವಿತ್ತು.

ಅಂಗೈಯಗಲದ ಪಟ್ಟಿ ಬೇರೆ, ಗೋಡೆಯಷ್ಟು ಪರದೆ ಬೇರೆ. ರಾಟೆಯಲ್ಲಿ ಮೊದಲ ಹಾಸನ್ನು ಇಳಿಬಿಟ್ಟಾಗ ಹಬೆ ಮುಖಕ್ಕೆ ಹೊಡೆಯಿತು. ಅವಳು ಕೋಲಿನಿಂದ ಬಟ್ಟೆಯನ್ನು ತಳ್ಳಿದಳು, ಎಳೆದಳು, ತಿರುವಿದಳು. ಭುಜ ಬಿಟ್ಟುಹೋಗುವಂತಾಯಿತು. ಒಂದು ಗಳಿಗೆ ಹಬೆ ಸರಿದು, ಕಡಾಯಿಯೊಳಗಿನ ಬಟ್ಟೆ ಕಪ್ಪಗೆ ಕಂಡಿತು. ಅವಳ ಕೈ ನಿಂತಿತು.

"ಕೋಲು ನಿಲ್ಲಿಸ್ಬೇಡ ಕಣೇ! ನಿಂತಲ್ಲಿ ಕಲೆ ಕೂರುತ್ತೆ!" ಸ್ಟೂಲಿನ ಮೇಲಿಂದ ಕೂಗು ಬಂತು. ಕೂಗಿದ ಅತ್ತೆ ಕೂಡಲೇ ಮುಖ ತಿರುಗಿಸಿಕೊಂಡು, ತೋಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದಳು.

ಸೊಸೆ ಮತ್ತೆ ತಿರುವಿದಳು. ಒದ್ದೆ ಬಟ್ಟೆ ಯಾವತ್ತೂ ಗಾಢವಾಗಿಯೇ ಕಾಣುತ್ತದೆ, ಅದು ಅವಳಿಗೆ ತೊಟ್ಟಿಯಲ್ಲಿ ದಿನವೂ ಕಂಡ ಸಂಗತಿ. ಎರಡನೆಯ ಹಾಸೂ ಆಯಿತು. ಬಾಯ್ಲರು ಕೋಣೆಯ ಬಿಸಿಗಾಳಿಗೆ ಎರಡನ್ನೂ ಕಟ್ಟಿದರು. ಮ್ಯಾನೇಜರು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿ ಬೈಸಿಕೊಂಡ. ಒಣಗಿತು ಎನ್ನುವಷ್ಟರಲ್ಲಿ ಕೈಗಾಡಿ ಹೊರಟೇಬಿಟ್ಟಿತು, ಅದರ ಹಿಂದೆ ಸೊಸೆ, ಗಂಡ, ಮೈತುಂಬ ಬಣ್ಣ ಮೆತ್ತಿಕೊಂಡ ಇಬ್ಬರು ಕೆಲಸಗಾರರು.

"ಅತ್ತೆ, ನೀವೂ ಬನ್ನಿ."

"ನನ್ನ ಕಾಲು ನೋವು" ಎಂದಳು ಅತ್ತೆ. ಆಕೆಗೆ ಕಾಲು ನೋವೆಂದು ಆವರೆಗೆ ಯಾರೂ ಕೇಳಿರಲಿಲ್ಲ.

ಮಂದಿರದಲ್ಲಿ ಪರದೆಯನ್ನು ರಂಗದ ಮುಂದೆ ತೂಗುಹಾಕಿದರು. ಮ್ಯಾನೇಜರು ಗುಂಡಿಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿಕೊಂಡ. ಸೊಸೆ ಮುಚ್ಚಲಿಲ್ಲ. ದೀಪ ಹತ್ತಿತು.

ಕುರ್ಚಿ ಸಾಲು ಸರಿಪಡಿಸುತ್ತಿದ್ದವರ ಕೈ ನಿಂತಿತು. ಏಣಿಯ ಮೇಲೆ ಹಾಡು ಗುನುಗುತ್ತಿದ್ದವನು ಸುಮ್ಮನಾದ. ಪರದೆ ಮೇಲಿನಿಂದ ಕೆಳಗಿನವರೆಗೆ ಹೊತ್ತಿಕೊಂಡಂತಿತ್ತು. ಮೊದಲು ಬಾಯಿಬಿಟ್ಟವನು ಮ್ಯಾನೇಜರು. "ಇದೇ! ಅಯ್ಯಯ್ಯೋ, ಇದೇ ಕಣಮ್ಮ!" ಎಂದು ರಂಗದ ಮೇಲೆಯೇ ಕುಣಿದುಬಿಟ್ಟ. ಗಂಡ ಸಿಳ್ಳೆ ಹಾಕಿದ.

ಸೊಸೆಗೆ ಅಲ್ಲಿ ನಿಲ್ಲಲಾಗಲಿಲ್ಲ. ಸುದ್ದಿ ಅತ್ತೆಗೆ ಬೇರೆ ಯಾರೂ ಹೇಳಬಾರದು, ತಾನೇ ಹೇಳಬೇಕು. ಚಪ್ಪಲಿ ಕೈಯಲ್ಲಿ ಹಿಡಿದು ಬೀದಿಯುದ್ದಕ್ಕೂ ಓಡಿದಳು. ಎದುರು ಬಂದವರು, "ಏನಮ್ಮ, ಮುಖ ಹೀಗೆ ಕೆಂಪಗಾಗಿದೆ?" ಎಂದರೆ ಉತ್ತರ ಕೊಡದೆ ನಕ್ಕಳು.

ಶೆಡ್ಡಿನ ಬಾಗಿಲಲ್ಲಿ, "ಅತ್ತೆ!" ಎಂದು ಕೂಗಿ, ಉಸಿರು ಸಿಕ್ಕದೆ ನಿಂತಳು.

ಅತ್ತೆ ತೊಟ್ಟಿಯ ಬಳಿ ಇದ್ದಳು. ಸೊಸೆಯ ಜಾಗದಲ್ಲಿ, ತೋಳು ಮೇಲೇರಿಸಿಕೊಂಡು, ಬಗ್ಗಿ ಏನನ್ನೋ ತಣ್ಣೀರಿನಲ್ಲಿ ಜಾಲಾಡುತ್ತಿದ್ದಳು. ಹಿಂಡಿ, ಕೊಡವಿ, ಗಳದ ಮೇಲೆ ಹರವಿದಳು. ಆಕೆಯ ಬಿಳಿ ಶಾಲು ಅದು, ಒಳ್ಳೆಯದೆಂದು ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದದ್ದು. ಸೊಸೆಯ ಕಡಾಯಿಯಲ್ಲಿ ಉಳಿದ ಬಣ್ಣದಲ್ಲಿ ಅದ್ದಿದ್ದಳು, ಮಂದಿರದಿಂದ ಸುದ್ದಿ ಬರುವ ಮೊದಲೇ.