ಬೆನ್ನಿನ ತಂತಿಯೂ ನಮ್ಮ ದಾಕ್ಷಿಣ್ಯವೂ

ಆಪರೇಷನ್ ಟೇಬಲ್ ಮೇಲೆ ಬೋರಲು ಮಲಗಿದ್ದ ನನ್ನ ನಾದಿನಿ ಡಾಕ್ಟರಿಗೆ ಸುಳ್ಳು ಹೇಳಿದಳು. ಪೂರ್ತಿ ಎಚ್ಚರವಿದ್ದೇ ಹೇಳಿದಳು. ಕನ್ನಡದ ಆ ಸುಳ್ಳನ್ನು ಇಂಗ್ಲಿಷಿಗೆ ದಾಟಿಸಿದವಳು ನಾನು.

ಆಪರೇಷನ್ ಥಿಯೇಟರಿನಲ್ಲಿ ನನಗೇನು ಕೆಲಸ ಅಂತೀರಾ? ಹೇಳುತ್ತೇನೆ.

ನಾದಿನಿ ಮಂಗಳಾಳನ್ನು ಗುಬ್ಬಿಯ ನನ್ನ ಅತ್ತೆಮನೆಯಿಂದ ಕುಣಿಗಲ್ಲಿಗೆ ಕೊಟ್ಟಿದ್ದೇವೆ. ಗಂಡ ಶಿವಣ್ಣ ಲೈನ್‌ಮನ್. ಕೆಲವು ವರ್ಷಗಳ ಹಿಂದೆ ಅವಳು ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದಳು. ಬೆನ್ನಿಗೆ ಆಪರೇಷನ್ ಆಯಿತು, ಬೆನ್ನೂ ನೆಟ್ಟಗಾಯಿತು. ಎಡಗಾಲಿನ ಉರಿ ಮಾತ್ರ ಹೋಗಲಿಲ್ಲ. ಪಾದಕ್ಕೆ ಸೀರೆಯ ಅಂಚು ತಗುಲಿದರೂ ಮುಖ ಕಿವುಚುತ್ತಿದ್ದಳು. ಚಪ್ಪಲಿ ಮೆಟ್ಟುವ ಮಾತಂತೂ ದೂರ.

ಆದರೆ ಯಾರು ಕೇಳಿದರೂ ಒಂದೇ ಉತ್ತರ: ಪರವಾಗಿಲ್ಲ. (ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತು, ಬಂದವರ ಕೈಗೆ ಕಾಫಿ ಲೋಟ ಕೊಡುತ್ತಾ ಹೇಳುವ ಪರವಾಗಿಲ್ಲ.) ಬರಬರುತ್ತಾ ಕೇಳುವವರೂ ಅದನ್ನೇ ನಂಬಿಬಿಟ್ಟರು. ಗಾಯವಿಲ್ಲ, ಬಾವಿಲ್ಲ, ನೋವು ಎಲ್ಲಿಂದ ಬಂತು ಎಂದವರೂ ಇದ್ದಾರೆ.

ಮಾತ್ರೆ, ಎಣ್ಣೆ, ಪಥ್ಯ ಎಲ್ಲ ಮುಗಿದ ಮೇಲೆ ಬೆಂಗಳೂರಿನ ಡಾಕ್ಟರೊಬ್ಬರು ಹೊಸದೊಂದು ಚಿಕಿತ್ಸೆ ಹೇಳಿದರು. ಬೆನ್ನುಹುರಿಯ ಪಕ್ಕಕ್ಕೆ ವೀಣೆ ತಂತಿಯಷ್ಟು ತೆಳ್ಳಗಿನ ವೈರ್ ತೂರಿಸಿ, ಅದಕ್ಕೆ ಸಣ್ಣ ಕರೆಂಟ್ ಕೊಡುವುದು. ಉರಿ ಇರುವ ಜಾಗದಲ್ಲಿ ಜುಮುಜುಮು ಎನ್ನುತ್ತದಂತೆ. ಟ್ರಂಕ್ ಕಾಲ್ ಲೈನು ಎಂಗೇಜ್ ಇದ್ದ ಹಾಗೆ, ನೋವಿನ ಸುದ್ದಿ ಮಿದುಳಿಗೆ ಸರಿಯಾಗಿ ತಲುಪುವುದಿಲ್ಲವಂತೆ. ಮೊದಲು ಕೆಲವು ದಿನ ಪರೀಕ್ಷೆ. ಫಲ ಕಂಡರೆ ಕಾಯಂ. ಕಾಣದಿದ್ದರೆ ತಂತಿ ಹೊರಕ್ಕೆ. ಆಮೇಲೆ ತಮ್ಮ ಬಳಿ ಬೇರೆ ದಾರಿ ಇಲ್ಲ ಎಂದೂ ಹೇಳಿದರು.

ಶಿವಣ್ಣ ಬೆವತುಹೋದ. ವೈರ್ ಮುಟ್ಟಬೇಡಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನಲ್ಲವೇ? "ಕಂಬ ಹತ್ತೋ ಮುಂಚೆ ನಾನೇ ಲೈನ್ ಆಫ್ ಮಾಡಿಸ್ತೀನಿ ಅಕ್ಕ. ಇವ್ಳ ಬೆನ್ನಿಗೇ ಲೈನ್ ಎಳೀತಾರಂತಲ್ಲ" ಎಂದ. ಡಾಕ್ಟರು ಟ್ರಾನ್ಸಿಸ್ಟರಿಗೆ ಹಾಕುವಂಥ ಬ್ಯಾಟರಿ ತೋರಿಸಿದರು. ಇಷ್ಟೇನಾ ಎಂದ. ಧೈರ್ಯದ ಜೊತೆಗೆ ಸ್ವಲ್ಪ ನಿರಾಸೆಯೂ ಆದಂತಿತ್ತು.

ತಂತಿ ಕೂರಿಸುವಾಗ ರೋಗಿ ಎಚ್ಚರವಿರಬೇಕು. ಜುಮುಜುಮು ಎಲ್ಲಿ ಬರುತ್ತಿದೆ ಎಂದು ಆಕೆಯೇ ಹೇಳಬೇಕು. ಡಾಕ್ಟರು ಕೇರಳದವರು, ಕನ್ನಡ ಅಷ್ಟಕ್ಕಷ್ಟೆ. ಮಂಗಳಾಗೆ ಇಂಗ್ಲಿಷ್ ಬಾರದು. ಹಾಗಾಗಿ ಮಧ್ಯೆ ನಾನು, ಎಕ್ಸ್‌ರೇ ತಾಗದಂತೆ ಸೀಸದ ಏಪ್ರನ್ ಹೊತ್ತುಕೊಂಡು. (ಅರ್ಧ ಮೂಟೆ ರಾಗಿ ಕುತ್ತಿಗೆಗೆ ಕಟ್ಟಿದಂತಿತ್ತು.)

ಡಾಕ್ಟರು ತಂತಿಗೆ ಜೋಡಿಸಿದ ಪುಟ್ಟ ಬಾಕ್ಸಿನಿಂದ ಕರೆಂಟ್ ಬಿಟ್ಟು, ಹೇಗಿದೆ ಎಂದರು. "ಚೆನ್ನಾಗೈತೆ ಸಾರ್" ಎಂದಳು. ತಂತಿ ತುಸು ಸರಿಸಿ ಮತ್ತೆ ಕೇಳಿದರು. ಆಗಲೂ ಚೆನ್ನಾಗಿಯೇ ಇತ್ತು. ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿದರು. ಬಾಕ್ಸಿನ ಗುಂಡಿ ತಿರುಗಿಸಿ, ಈಗ ಎಂದರು.

"ಈಗಂತೂ ತುಂಬಾ ಚೆನ್ನಾಗೈತೆ."

ಅವರು ಆಫ್ ಮಾಡಿದ್ದರು!

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಇದನ್ನು ಆಕೆಗೆ ನಿಧಾನವಾಗಿ ಹೇಳಿ ಎಂದರು: ಎಕ್ಸ್‌ರೇಯಲ್ಲಿ ತಂತಿ ಕಾಣುತ್ತದೆ, ನೋವು ಕಾಣುವುದಿಲ್ಲ. ಅದು ಗೊತ್ತಿರುವುದು ಆಕೆಯೊಬ್ಬಳಿಗೇ. ಡಾಕ್ಟರಿಗೆ ಬೇಜಾರಾದೀತು ಎಂದು ಆಕೆ ಹೂಂ ಅಂದರೆ, ನಾನು ತಪ್ಪು ಜಾಗದಲ್ಲಿ ತಂತಿ ಬಿಟ್ಟು ಮನೆಗೆ ಹೋಗುತ್ತೇನೆ. ಆಕೆಯ ಕಾಲು ಉರಿಯುತ್ತಲೇ ಇರುತ್ತದೆ.

ಹೇಳಿದೆ. ಮಂಗಳಾ ಸಣ್ಣ ದನಿಯಲ್ಲಿ, "ಅವ್ರು ಆಗ್ಲಿಂದ ನಿಂತೇ ಅವ್ರೆ ಅತ್ತಿಗೆ. ಹೆಂಗೆ ಇಲ್ಲ ಅನ್ನೋದು?" ಎಂದಳು.

"ಅವ್ರ ಕಾಲು ಬಿಡು, ನಿನ್ನ ಕಾಲಿನ ವಿಷ್ಯ ಹೇಳೇ" ಎಂದು ಗದರಿದೆ.

ಅಷ್ಟೇ ನೋಡಿ. "ಸೊಂಟದಲ್ಲಿ ಗಿರ್ ಅಂತೈತೆ. ಅಲ್ಲಿ ನೋವೇ ಇಲ್ಲ" ಎಂದಳು. ಡಾಕ್ಟರು ಸರಿಸಿದರು. ತೊಡೆಗೆ ಬಂತು, ಸಾಲದು ಎಂದಳು. ಬಲಗಾಲಿಗೆ ಹೋಯಿತು, ಅದು ಬೇಡ ಎಂದಳು. ಒಂದು ಲೋಟ ನೀರು ಕೊಡಿ ಎಂದು ಯಾರನ್ನೂ ಕೇಳದವಳು, ಅಷ್ಟು ದೊಡ್ಡ ಡಾಕ್ಟರಿಗೆ ಅಪ್ಪಣೆ ಮೇಲೆ ಅಪ್ಪಣೆ. ಅವರೋ, ಅವಳ ಪ್ರತಿ 'ಇಲ್ಲ'ಕ್ಕೂ ಖುಷಿಯಿಂದ ತಲೆಯಾಡಿಸುತ್ತಿದ್ದರು. ಆ ವಿದ್ಯೆಗೆ ಒಂದು ಸಲ ಕೈಮುಗಿದರೆ, ಆ ತಾಳ್ಮೆಗೆ ಎರಡು ಸಲ ಮುಗಿಯಬೇಕು.

ಡಾಕ್ಟರು ತಂತಿಯನ್ನು ಇನ್ನೊಂದು ಕೂದಲೆಳೆಯಷ್ಟು ಸರಿಸಿದರು.

"ಅತ್ತಿಗೆ, ಪಾದದ ಮೇಲೆ ಇರುವೆ ಹರಿದಂಗೆ ಆಗ್ತೈತೆ. ಉರಿ ಎಲ್ಲೋ ದೂರ ಹೋಯ್ತು."

ಇದನ್ನು ನಾನು ಇಂಗ್ಲಿಷಿಗೆ ದಾಟಿಸಲಿಲ್ಲ. ಅವಳ ದನಿಯಲ್ಲೇ ಅವರಿಗೆ ಗೊತ್ತಾಗಿತ್ತು, ಹೇಳಬೇಕಾಗಿಯೂ ಇರಲಿಲ್ಲ.

ಪರೀಕ್ಷೆ ಮುಗಿದು ಕಾಯಂ ಆಯಿತು. ಈಗ ಬಾಕ್ಸು ಅವಳ ಸೊಂಟದಲ್ಲಿ, ಅವಳೇ ಹೊಲಿದ ಪುಟ್ಟ ಚೀಲದೊಳಗೆ. ಬ್ಯಾಟರಿ ಬದಲಾಯಿಸುವುದು ಶಿವಣ್ಣನ ಡ್ಯೂಟಿ. ನೋವು ಪೂರ್ತಿ ಹೋಗಿಲ್ಲ. ಅರ್ಧಕ್ಕಿಂತ ಹೆಚ್ಚು ಹೋಗಿದೆ, ಇನ್ನೂ ಸ್ವಲ್ಪ ಇದೆ ಎಂದು ಕೇಳಿದವರಿಗೆಲ್ಲ ಲೆಕ್ಕ ಒಪ್ಪಿಸುತ್ತಾಳೆ.

ಮೊನ್ನೆ ತುಮಕೂರಿನ ನಮ್ಮ ಮನೆಗೆ ಬಂದಿದ್ದಳು. ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಳು. ಸಂತೋಷಕ್ಕೆ ಒಬ್ಬಟ್ಟು ಮಾಡಿ ಬಡಿಸಿ, ಹೇಗಿದೆ ಎಂದೆ.

"ಬೆಲ್ಲ ಕಮ್ಮಿ ಆಗೈತೆ ಅತ್ತಿಗೆ."

ಇಷ್ಟು ವರ್ಷ ನನ್ನ ಅಡುಗೆಯನ್ನು ಹೊಗಳಿಕೊಂಡು ಉಂಡಳಲ್ಲ, ಅದರಲ್ಲಿ ಎಷ್ಟು ನಿಜವಿತ್ತು ಎಂದು ಕೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.