ಸೋಡಾದಿಂದ ಆಸಿಡ್ ತೆಗೆಯಲು ಹೊರಟ ನಮ್ಮ ಭಾವ

ದಾದರಿನಲ್ಲಿ ನನ್ನ ಸೋಡಾ ಅಂಗಡಿ ಆಗಷ್ಟೇ ಕಾಲೂರಿತ್ತು. ತಂಗಿಯ ಗಂಡ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಹಂಗಾಮಿ ಕೆಲಸ, ಮುಗಿದುಹೋಯಿತು. ಇನ್ನೊಂದು ಸಿಗದಿದ್ದರೆ ತಂಗಿಯನ್ನು ಕರೆದುಕೊಂಡು ಊರಿಗೆ ಹೊರಡುವುದೇ ಎಂದರು. ಮುಂಬಯಿಯಲ್ಲಿ ನನ್ನವರು ಅಂತ ಇದ್ದವಳು ಅವಳೊಬ್ಬಳು. ಬಿಡುವುದು ಹೇಗೆ?

ಭಾಂಡುಪಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಸೇಠ್ ಒಬ್ಬರು ನನಗೆ ಪರಿಚಯ. "ಕೆಲಸ ಕೊಡಿ ಅಂತ ಕೇಳಬೇಡಿ ಭಾವ, ಏನಾದರೂ ಮಾಡಿ ತೋರಿಸಿ" ಎಂದೆ. ಕೆಲಸ ಹುಡುಕುವವರಿಗೆ ನನ್ನ ಸಲಹೆ ಇವತ್ತಿಗೂ ಅದೇ.

ಭಾವನ ಬಳಿ ಒಂದು ವಿದ್ಯೆ ಇತ್ತು. ಸೋಡಾಕ್ಕೆ ನಾವು ತುಂಬುವ ಗ್ಯಾಸು, ಉಸಿರಿನಲ್ಲಿ ಹೊರಬರುವುದೂ ಅದೇ ಅಂತೆ, ಅದನ್ನು ನೀರಿಗೆ ಬಿಟ್ಟು, ಒಂದು ಸತುವಿನ ತಗಡು, ಒಂದು ಇಂಗಾಲದ ಕಡ್ಡಿ ಇಳಿಸಿ ಬ್ಯಾಟರಿಯಿಂದ ಕರೆಂಟು ಹರಿಸಿದರೆ ಚೂರು ಆಸಿಡ್ ಹುಟ್ಟುತ್ತದೆ. ಇರುವೆ ಕಚ್ಚಿದರೆ ಉರಿಯುತ್ತದಲ್ಲ, ಆ ಆಸಿಡ್. ಬಣ್ಣದವರಿಗೆ ಅದು ಬೇಕು. ಅಂಗಡಿಯ ಹಿಂದೆ ನನ್ನ ಸಿಲಿಂಡರಿನಿಂದಲೇ ಗ್ಯಾಸು ಬಿಟ್ಟು ಮಾಡಿದರು. ಬಂತು!

ಆದರೆ ಭಾಂಡುಪಿಗೆ ಲೋಕಲ್ ರೈಲಿನಲ್ಲಿ ಸಿಲಿಂಡರ್ ಹೊತ್ತೊಯ್ಯುವುದುಂಟೆ? ಭಾವ ನನ್ನ ಗೋಲಿ ಸೋಡಾ ಬಾಟ್ಲಿಗಳನ್ನೇ ಚೀಲಕ್ಕೆ ಹಾಕಿಕೊಂಡರು. ಗ್ಯಾಸು ಅದರಲ್ಲೂ ಇದೆಯಲ್ಲ.

ಇಬ್ಬರೂ ಕಾರ್ಖಾನೆಗೆ ಹೋದೆವು. ಸೇಠ್ ಎದುರು ಭಾವ ಸೋಡಾ ಸುರಿದು ಕರೆಂಟು ಕೊಟ್ಟರು. ಸ್ವಲ್ಪ ಹೊತ್ತಿಗೆ ಮೂಗು ಸುಡುವ ವಾಸನೆ. ಸೇಠ್ ಕೆಮ್ಮತೊಡಗಿದರು.

ಭಾವ ನನ್ನತ್ತ ತಿರುಗಿದರು. "ಸೋಡಾಕ್ಕೆ ಏನು ಹಾಕುತ್ತೀರಿ?"

"ಉಪ್ಪು. ಚಿಟಿಕೆ ಉಪ್ಪು ಬೀಳದಿದ್ದರೆ ದಾದರಿನ ಗಿರಾಕಿ ಮುಟ್ಟುತ್ತಾನೆಯೇ?"

"ಅಯ್ಯೋ, ಹಾಗಾದರೆ ಇದು ಉಪ್ಪಿನಿಂದ ಹೊರಟ ಕ್ಲೋರಿನ್!" ಭಾವ ಕಿಟಕಿ ತೆಗೆದು, ನೆಲದ ಮೇಲಿದ್ದ ನೀಲಿ ಬಟ್ಟೆಯ ಚೂರನ್ನು ಆ ಸೋಡಾದಲ್ಲಿ ಅದ್ದಿದರು. ನೀಲಿ ನಿಧಾನಕ್ಕೆ ಬಿಳಿಚಿತು.

"ಅರೆ ಭಾಯ್, ನಾನು ಬಣ್ಣ ಹಾಕಿ ಹೊಟ್ಟೆ ಹೊರೆಯುವವನು. ನೀವು ತೆಗೆಯಲು ಬಂದಿರಾ?" ಸೇಠ್ ಕೆಮ್ಮುತ್ತಲೇ ನಕ್ಕರು.

ನಗುವವನ ಜೊತೆ ಚೌಕಾಸಿ ಸುಲಭ. "ಬಣ್ಣ ಹಾಕುವ ಮೊದಲು ಬಟ್ಟೆ ಬಿಳಿ ಆಗಬೇಕಲ್ಲ ಸೇಠ್‌ಜೀ? ಮಳೆಗಾಲದಲ್ಲಿ ನಿಮ್ಮ ಬ್ಲೀಚಿಂಗ್ ಪೌಡರ್ ಸತ್ತುಹೋಗುತ್ತದೆ. ಇದನ್ನೇ ಇಲ್ಲಿ ಮಾಡಿಸಿ" ಎಂದೆ.

ಭಾವ ಬಾಯಿ ಹಾಕಿದರು. "ಬೇಡ, ಕರೆಂಟಿನ ಖರ್ಚಿಗಿಂತ ಪೌಡರೇ ಅಗ್ಗ. ಆದರೆ ಯಾವ ಚೀಲದಲ್ಲಿ ಎಷ್ಟು ಸತ್ವ ಉಳಿದಿದೆ ಅಂತ ನಾನು ಪರೀಕ್ಷೆ ಮಾಡಿ ಹೇಳಬಲ್ಲೆ."

ಕುದುರಿದ ವ್ಯಾಪಾರ ಹಾಳು ಮಾಡಿದರಲ್ಲ ಅಂತ ನಾನು ಹಲ್ಲು ಕಚ್ಚಿದೆ. ಸೇಠ್ ಮಾತ್ರ ಕುರ್ಚಿ ಎಳೆದು ಹತ್ತಿರ ಕೂತರು. ಅವರ ಜನ ಪೌಡರನ್ನು ಅಂದಾಜಿಗೆ ಸುರಿಯುತ್ತಿದ್ದರಂತೆ. ಒಮ್ಮೆ ಬಟ್ಟೆ ಹಳದಿ ಉಳಿಯುವುದು, ಇನ್ನೊಮ್ಮೆ ತೂತು ಬೀಳುವುದು.

"ಸೋಮವಾರದಿಂದ ಬನ್ನಿ."

"ಸೋಮವಾರ ಯಾಕೆ ಸೇಠ್‌ಜೀ? ಚೀಲಗಳೂ ಇಲ್ಲೇ ಇವೆ, ಇವರೂ ಇಲ್ಲೇ ಇದ್ದಾರೆ."

ಹೂಂ ಎಂದವನಿಗೆ ಯೋಚಿಸಲು ಪುರುಸೊತ್ತು ಕೊಡಬಾರದು. ಭಾವನನ್ನು ಗೋಡೌನಿನಲ್ಲಿ ಬಿಟ್ಟು, ತಂಗಿಗೆ ಸುದ್ದಿ ಮುಟ್ಟಿಸಲು ಒಬ್ಬನೇ ಲೋಕಲ್ ಹತ್ತಿದೆ.