ಮೂರನೇ ಕೂಗು

ಕ್ಷಮಿಸುವುದು ದೊಡ್ಡ ಗುಣ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು. ಆದರೆ ಅವನೊಬ್ಬನನ್ನು ಕ್ಷಮಿಸಲಿಲ್ಲ. ಅವನು ಸತ್ತ ಸುದ್ದಿ ಬಂದ ದಿನ ಶಾವಿಗೆ ಪಾಯಸ ಮಾಡಿ ಉಂಡೆ. ಮುಚ್ಚಿಡುವುದೇಕೆ?

ಆಗ ಕೊಡಗು ಇನ್ನೂ ಬೇರೆಯೇ ರಾಜ್ಯ. ನಾನು ಸುಂಟಿಕೊಪ್ಪದ ಶಾಲೆಗೆ ಹೊಸದಾಗಿ ಸೇರಿದ್ದ ಟೀಚರು. ನಮ್ಮವರು ಹಾಸನದ ಕಡೆಯಿಂದ ಬಂದು ನೆಲೆಸಿದವರು. ಅಪ್ಪ ತೀರಿಹೋದ ಮೇಲೆ ಅವ್ವ ಕಾಫಿ ಕೊಯ್ಲಿಗೆ ಹೋಗಿ ನನ್ನನ್ನು ಓದಿಸಿದಳು. ಅವಳು ದುಡಿಯುತ್ತಿದ್ದ ತೋಟದ ಸಾಹುಕಾರನೇ ಈ ಮಹಾನುಭಾವ. ಆಳುಗಳು ಅವನ ಹೆಸರೆತ್ತುವಂತಿರಲಿಲ್ಲ, 'ಸಾವ್ಕಾರ್ರು' ಅನ್ನಬೇಕು. ಅವನು ಮಾತ್ರ ಹದಿನೈದು ವರ್ಷ ಅವ್ವನನ್ನು ಕರೆದದ್ದು 'ಏ ಕುಳ್ಳೀ' ಎಂದೇ. ಅವಳಿಗೂ ಒಂದು ಹೆಸರಿದೆ ಎಂಬುದು ಆ ಮನುಷ್ಯನಿಗೆ ಗೊತ್ತಿತ್ತೋ ಇಲ್ಲವೋ.

ಒಂದು ಭಾನುವಾರ ಮಧ್ಯಾಹ್ನ ಅವ್ವ ಸಂತೆ ಮುಗಿಸಿ ರಸ್ತೆಯಂಚಿನಲ್ಲಿ ನಡೆದು ಬರುತ್ತಿದ್ದಳು. ಅವನು ಯಾರದೋ ಮದುವೆಯಲ್ಲಿ ಕಂಠಪೂರ್ತಿ ಕುಡಿದು, ಡ್ರೈವರನನ್ನು ಪಕ್ಕಕ್ಕೆ ಸರಿಸಿ ತಾನೇ ಕಾರು ಓಡಿಸಿಕೊಂಡು ಬಂದ. ಕಾರು ರಸ್ತೆ ಬಿಟ್ಟು ಬಂದು ಅವ್ವನನ್ನು ಚರಂಡಿಗೆ ಕೆಡವಿತು. ಬಲಗಾಲಿನ ಮೊಣಕಾಲು ಪುಡಿಯಾಯಿತು. ಅವಳಿಗೆ ಪ್ರಜ್ಞೆ ತಪ್ಪಿರಲಿಲ್ಲ. ಅವನು ತೂರಾಡುತ್ತ ಇಳಿದು ಬಂದು, "ದಾರಿ ಬಿಟ್ಟು ನಿಲ್ಲಕ್ಕಾಗಲ್ವೇನೇ ಕುಳ್ಳೀ?" ಅಂದನಂತೆ.

ನೋಡಿದವರೆಲ್ಲ ಅವನ ತೋಟದ ಆಳುಗಳೇ. ಒಬ್ಬರಿಗೂ ನಾಲಿಗೆ ಹೊರಳಲಿಲ್ಲ. ಪೊಲೀಸರು ಕೇಸು ಹಾಕಿದ್ದು ಡ್ರೈವರನ ಮೇಲೆ. ಕುಡಿದು ಕಾರು ಓಡಿಸಿದವನು ಅವನಂತೆ! ಆ ಮಾಪಿಳ್ಳೆ ಮುಸಲ್ಮಾನ ಜನ್ಮದಲ್ಲಿ ಹೆಂಡ ಮೂಸಿದವನಲ್ಲ. ಅವನ ಮಗಳು ನನ್ನ ಕ್ಲಾಸಿನಲ್ಲೇ ಓದುತ್ತಿದ್ದಳು. ಮಾಡದ ತಪ್ಪನ್ನು ಯಾಕೆ ಒಪ್ಪಿಕೊಂಡೆ ಎಂದು ನಾನು ಅವನನ್ನು ಹಿಡಿದು ನಿಲ್ಲಿಸಿ ಬೈದೆ.

"ನಾನು ಬೀಡಿ ಸಹಾ ಎಳೆಯುದಿಲ್ಲ ಟೀಚರೇ," ಅಂದ. "ಆದ್ರೆ ಒಪ್ಪದಿದ್ರೆ ತೋಟದ ಲೈನಿನ ಮನೆ ಬಿಡ್ಬೇಕು. ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುದು?"

ಅವನನ್ನು ಬೈದು ಏನು ಬಂತು? ಸಾಹುಕಾರನ ಮೇಲಿನ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಮಡಿಕೇರಿಯ ಕೋರ್ಟಿಗೆ ಅವ್ವ ಕೋಲೂರಿಕೊಂಡೇ ಬಂದಳು. ಕೋರ್ಟಿನ ಪದ್ಧತಿ ನಮಗೆ ಹೊಸದು. ದಫೇದಾರ ಬಾಗಿಲಿಗೆ ಬಂದು ಆರೋಪಿಯ ಹೆಸರನ್ನು ಊರಿಗೆಲ್ಲ ಕೇಳುವಂತೆ ಮೂರು ಸಲ ಕೂಗುತ್ತಿದ್ದ. ಹಿಂದೆ ಶ್ರೀ ಇಲ್ಲ, ಮುಂದೆ ಅವರು ಇಲ್ಲ, ಬರೀ ಹೆಸರು. ಅಂದು ಕೂಗಿದ್ದು ಡ್ರೈವರನ ಹೆಸರು. ಸಾಹುಕಾರ ಹೊರಗೆ ಕಾರಿನಲ್ಲಿ ಕೂತು ಕಿತ್ತಳೆ ಸುಲಿದು ತಿನ್ನುತ್ತಿದ್ದ.

"ಆ ಪಾಪದವ್ನ ಹೆಸ್ರು ಕೂಗ್ಸವ್ನಲ್ಲೇ," ಅಂದಳು ಅವ್ವ. "ಇವ್ನ ಹೆಸ್ರು ಹಂಗೇ ಮೂರ್ ಸಲ ಕೂಗ್ಬೇಕು. ಅದ್ನ ನನ್ ಕಿವೀಲಿ ಕೇಳ್ಬೇಕು. ಇನ್ನೇನೂ ಬ್ಯಾಡ."

ನಮ್ಮ ವಕೀಲರು ಒಳ್ಳೆಯವರು, ಆದರೆ ಸಾಕ್ಷಿಯಿಲ್ಲದೆ ಕೈಚೆಲ್ಲಿದ್ದರು. ಕಾಗದಗಳ ನಕಲನ್ನು ನನ್ನ ಕೈಗೆ ಕೊಟ್ಟು, ಅವ್ವನಿಗೆ ಕನ್ನಡದಲ್ಲಿ ತಿಳಿಸಿ ಹೇಳಲು ಹೇಳಿದರು. ಅದರಲ್ಲಿ ಡಾಕ್ಟರ ಸರ್ಟಿಫಿಕೇಟು ಇತ್ತು. ಅಪಘಾತದ ದಿನವೇ ಮಡಿಕೇರಿಯ ಆಸ್ಪತ್ರೆಯಲ್ಲಿ ಬರೆದದ್ದು. ಹೆಸರು ಡ್ರೈವರನದು. ಬಾಯಲ್ಲಿ ಬ್ರಾಂದಿಯ ವಾಸನೆ, ನೆಟ್ಟಗೆ ನಿಲ್ಲಲಾರ, ಮಾತು ತೊದಲು. ಕೊನೆಯಲ್ಲಿ, ಇಂಥ ಕಾಗದಗಳಲ್ಲಿ ಇರುವಂತೆ, ಮೈಮೇಲಿನ ಗುರುತು: ಬಲಗಿವಿಯ ಕೆಳಗೆ ಕಾಳುಮೆಣಸಿನಷ್ಟು ದೊಡ್ಡ ಕಪ್ಪು ಮಚ್ಚೆ.

ಅವ್ವ ನನ್ನ ಕೈ ಹಿಡಿದಳು. "ಇನ್ನೊಂದ್ ಕಿತ ಓದು."

ಓದಿದೆ.

"ಅಯ್ಯೋ ಮುಂಡೇದೇ! ಆ ಮಚ್ಚೆ ನಂಗೊತ್ತಿಲ್ವೇನೇ? ಕಾಫಿ ಹಣ್ಣು ತೂಗೋ ಹೊತ್ನಲ್ಲಿ ದಿನಾ ಮುಖದೆದ್ರಿಗೆ ನಿಲ್ತಾನೆ!"

ನಡೆದದ್ದು ಇಷ್ಟೇ. ಆ ದಿನ ಪೇದೆ ಆಸ್ಪತ್ರೆಗೆ ಕರೆದೊಯ್ದದ್ದು ಸಾಹುಕಾರನನ್ನೇ. ಡಾಕ್ಟರು ಘಟ್ಟದ ಕೆಳಗಿನಿಂದ ಹೊಸದಾಗಿ ಬಂದವರು, ಇವನ ಮುಖ ಕಂಡವರಲ್ಲ. ಹೆಸರು ಕೇಳಿದ್ದಕ್ಕೆ ಇವನು ಡ್ರೈವರನ ಹೆಸರು ಹೇಳಿದ. ಜೊತೆಗಿದ್ದ ಪೇದೆ ಬಾಯಿ ಹೊಲಿದುಕೊಂಡಿದ್ದ. ಕುಡಿದ ಬುದ್ಧಿಗೆ ಹೆಸರು ಬದಲಿಸಲು ತಿಳಿಯಿತು, ಮಚ್ಚೆ ಬದಲಿಸಲು ಬರಲಿಲ್ಲ.

ಮುಂದಿನ ವಿಚಾರಣೆಯಲ್ಲಿ ನಮ್ಮ ವಕೀಲರು ಮಚ್ಚೆಯ ಮಾತೆತ್ತಿದರು. ಮ್ಯಾಜಿಸ್ಟ್ರೇಟರು ಡ್ರೈವರನನ್ನು ಹತ್ತಿರ ಕರೆದು ಕಿವಿ ನೋಡಿದರು. ಮಚ್ಚೆಯಿಲ್ಲ. ಡಾಕ್ಟರು, "ನಾನು ಪರೀಕ್ಷಿಸಿದ ಮನುಷ್ಯ ಇವನಲ್ಲ," ಎಂದರು. ಡ್ರೈವರ್ ಅಲ್ಲೇ ಅತ್ತು ನಿಜ ಹೇಳಿಬಿಟ್ಟ. ಆ ವಾರವೇ ಸಾಹುಕಾರ ಅವನ ಸಾಮಾನನ್ನು ಲೈನಿನಿಂದ ಹೊರಗೆ ಹಾಕಿಸಿದ. ನಾವು ಅವನ ಸಂಸಾರವನ್ನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡೆವು. ಕೇಸು ಸಾಹುಕಾರನ ಮೇಲೆ ತಿರುಗಿತು.

ಆಮೇಲೆ ನೋಡಿ, ತೋಟದ ಲೆಕ್ಕ ಬರೆಯುವ ರೈಟರ್ ನಮ್ಮ ಮನೆಯ ಮೆಟ್ಟಿಲು ಸವೆಸಲು ಶುರುಮಾಡಿದ. "ಸಾವ್ಕಾರ್ರು ತಾವೇ ಬಂದು ಕೈ ಮುಗೀತಾರಂತೆ ಅಮ್ಮ. ಕೇಳಿದಷ್ಟು ಪರಿಹಾರ ಕೊಡ್ತಾರೆ. ಡ್ರೈವರು ಏನೋ ತಪ್ಪಾಗಿ ಹೇಳ್ದ ಅಂತ ಒಂದು ಮಾತು ನೀವಂದ್ರೆ ಸಾಕು. ಮನೇಲೇ ಮುಗಿಸುವ."

ಹದಿನೈದು ವರ್ಷ ಕುಳ್ಳಿಯಾಗಿದ್ದವಳು ಈಗ ಅಮ್ಮ! ಅವ್ವ ಎಲೆಯಡಿಕೆ ಮಡಚುತ್ತ ಹೇಳಿದಳು: "ಮನೇಲಿ ಕೈ ಮುಗುದ್ರೆ ಯಾರ್ ನೋಡ್ತಾರಪ್ಪಾ?"

ವಕೀಲರು ನನಗೆ ಎಚ್ಚರಿಕೆ ಹೇಳಿದ್ದರು. ರಾಜಿಗೆ ಒಪ್ಪದಿದ್ದರೆ ಕ್ರಿಮಿನಲ್ ಕೇಸಿನಲ್ಲಿ ಬರೀ ದಂಡವಾಗಬಹುದು, ಪರಿಹಾರದ ದಾವೆ ವರ್ಷಗಟ್ಟಲೆ ಎಳೆಯಬಹುದು ಎಂದು. ಹಾಗೇ ಆಯಿತು. ದಂಡ ಕಟ್ಟಿ ಹೋದ, ಪರಿಹಾರ ಎಷ್ಟೋ ವರ್ಷದ ಮೇಲೆ ಬಂತು, ಅವ್ವನ ಮೊಣಕಾಲು ಸಾಯುವವರೆಗೂ ಮಡಚಲಿಲ್ಲ. ಆದರೂ ರಾಜಿ ಬಿಟ್ಟದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅವನು ಕೋರ್ಟಿನ ಮೆಟ್ಟಿಲು ಹತ್ತಿದ ಆ ಬೆಳಗಿಗಾಗಿ ಬೇಕಿದ್ದರೆ ಇನ್ನೊಂದು ಹತ್ತು ವರ್ಷ ಕಾಯುತ್ತಿದ್ದೆ.

ಅಂದು ಕೋರ್ಟಿನ ಜಗುಲಿ ತುಂಬ ಜನ. ತೋಟದ ಆಳುಗಳು ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಅವ್ವ ಬಾಗಿಲ ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದಳು. ದಫೇದಾರ ಹೊರಗೆ ಬಂದು ಗಂಟಲು ಸರಿಮಾಡಿಕೊಂಡು ಸಾಹುಕಾರನ ಹೆಸರು ಕೂಗಿದ. ಬರೀ ಹೆಸರು. ಆಳುಗಳಲ್ಲಿ ಯಾರೋ ಕಿಸಕ್ಕೆಂದರು. ಎರಡನೇ ಸಲ ಕೂಗುವಷ್ಟರಲ್ಲಿ ಅವನು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮೆಟ್ಟಿಲು ಹತ್ತಿ ಓಡಿ ಬಂದ. ಮೂರನೆಯದು ಬೀಳದಂತೆ ತಡೆಯಲು, "ಬಂದೆ, ಬಂದೆ," ಎಂದು ಕೈಯಾಡಿಸಿದ.

ದಫೇದಾರ ಒಳಗೆ ಹೋಗಲು ತಿರುಗಿದ. ಅವ್ವ ಕೋಲನ್ನು ಅವನಿಗೆ ಅಡ್ಡ ಹಿಡಿದಳು.

"ಇನ್ನೊಂದ್ ಸಲ ಬಾಕಿ ಐತೆ," ಅಂದಳು. "ಕೂಗಣ್ಣಾ."

ದಫೇದಾರ ಅವನನ್ನು ನೋಡಿದ, ಅವ್ವನ ಕಾಲನ್ನು ನೋಡಿದ. ಆಮೇಲೆ ಅಲ್ಲೇ, ಮೊಳದೂರದಲ್ಲಿ ನಿಂತಿದ್ದ ಮನುಷ್ಯನ ಮುಖಕ್ಕೇ, ಮೂರನೇ ಸಲ ಕೂಗಿದ.